ಬಲಗೈಯ ವ್ಯಾಪಾರ

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ವಾಡಿ ಹತ್ತಿರ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಪಾಲಿಶ್ ಕಾರ್ಖಾನೆಯೊಂದರಲ್ಲಿ ನಾನು ಮೇಸ್ತ್ರಿ. ರಜೆಯ ದಿನ ಮಾತ್ರ ದನದ ಬಜಾರಿನಲ್ಲಿ ದಲ್ಲಾಳಿ. ನಿಜ ಹೇಳಬೇಕೆಂದರೆ ಆ ಒಂದು ದಿನಕ್ಕಾಗಿಯೇ ಉಳಿದ ಆರು ದಿನ ದುಡಿಯುತ್ತಿದ್ದೆ. ಅಲ್ಲಿ ದನದ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಟವೆಲ್ ಹಾಕಿ, ಅದರಡಿಯಲ್ಲಿ ಎದುರಿನವನ ಬೆರಳು ಹಿಡಿಯಬೇಕು. ಮೂರು ಹಿಡಿದರೆ ಮೂರು ಸಾವಿರ, ಐದೂ ಹಿಡಿದರೆ ಐದು, ಬಿಟ್ಟು ಮತ್ತೊಂದು ಹಿಡಿದರೆ ಆರು. ಸುತ್ತ ನಿಂತವರಿಗೆ ಕಾಣುವುದು ಟವೆಲ್ ಮಾತ್ರ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನನ್ನನ್ನು ನಾಲ್ಕು ಜನ ‘ಬರ್ರಿ, ಕುಂದರ್ರಿ’ ಎನ್ನುವಂತೆ ಮಾಡಿದ್ದು ಆ ಟವೆಲ್ಲೇ.

ಅಂಥ ಬಲಗೈ ಮೇಲೆ ಕಾರ್ಖಾನೆಯಲ್ಲಿ ಒಂದು ಪರಸಿ ಬಿತ್ತು. ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಬಿಚ್ಚಿ ನೋಡಿದರೆ ಬೆರಳುಗಳು ಮಡಚಲೊಲ್ಲವು. ಬಳೆ ಅಂಗಡಿಯಲ್ಲಿ ಬಳೆ ತೊಡಿಸಿ ಇಡುತ್ತಾರಲ್ಲ, ಅಂಥ ಮರದ ಕೈ. ಟವೆಲ್ ಹೊದಿಸಲಿಕ್ಕೆ ಬರುತ್ತಿತ್ತು, ಅದರಡಿ ಮಾತಾಡಲಿಕ್ಕೆ ಬರುತ್ತಿರಲಿಲ್ಲ.

ಫಿಸಿಯೋಥೆರಪಿ ಮಾಡಿಸಬೇಕೆಂದರು ಡಾಕ್ಟರು. ಸರಕಾರದ ವಿಮೆಗೆಂದು ಪ್ರತಿ ತಿಂಗಳೂ ನನ್ನ ಪಗಾರದಲ್ಲಿ ಕತ್ತರಿಸುತ್ತಿದ್ದರು. ಕೊಟ್ಟದ್ದನ್ನು ವಸೂಲು ಮಾಡದೆ ಬಿಡುವ ಕುಳವಲ್ಲ ನಾನು. ಕಾರ್ಡನ್ನು ಅಂಗಿಯ ಜೇಬಿಗಿಟ್ಟು, ಅದು ನಡೆಯುವ ದವಾಖಾನೆ ಹುಡುಕಲು ಹೊರಟೆ.

ಚಿತ್ತಾಪುರದಲ್ಲಿ ಒಬ್ಬ ಕಂಪೌಂಡರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದಕ್ಕ ಸಕ್ಕರಿ ಎಷ್ಟ್ ಕೊಡ್ತಾರ್ರಿ?” ಎಂದ. ಶಹಾಬಾದದಲ್ಲಿ ‘ಇಲ್ಲಿ ಸರಕಾರಿ ವಿಮೆ ನಡೆಯುತ್ತದೆ’ ಎಂಬ ಬೋರ್ಡು ಕಂಡು ಖುಷಿಯಾಗಿ ಒಳಗೆ ಹೋದರೆ ಸೈಕಲ್ ರಿಪೇರಿ ನಡೆದಿತ್ತು. “ಡಾಕ್ಟರ್ ಖಾಲಿ ಮಾಡಿ ಎರಡ ವರ್ಷಾತ್ರಿ. ಬೋರ್ಡ್ ಭಾಳ ಛಂದ ಅದಂತ ತೆಗೀಲಿಲ್ಲ” ಎಂದ, ಪಂಕ್ಚರ್ ತಿದ್ದುತ್ತಿದ್ದವನು. ಅಂಥ ದವಾಖಾನೆ ಚಿಂಚೋಳಿಯಲ್ಲಿದೆ ಎಂದು ಸೇಡಂನವರೂ, ಸೇಡಂನಲ್ಲಿದೆ ಎಂದು ಚಿಂಚೋಳಿಯವರೂ ಆಣೆ ಮಾಡಿ ಹೇಳಿದರು. ಇಬ್ಬರನ್ನೂ ನಂಬಿ ಎರಡು ದಿನ ಬಸ್ಸಿನ ಧೂಳು ಕುಡಿದೆ.

ಆಗ ನನ್ನ ತಲೆ ಓಡಿತು. ನಿಮಗೂ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ: ಇಂಥದ್ದನ್ನು ಡಾಕ್ಟರನ್ನು ಕೇಳಬೇಡಿ, ರಬ್ಬರ್ ಮುದ್ರೆ ಮಾಡುವವನನ್ನು ಕೇಳಿ. ವಿಮೆಯ ಬಿಲ್ಲಿಗೆ ಮುದ್ರೆ ಬೇಕು. ಮುದ್ರೆ ಮಾಡಿಸದೆ ಯಾವ ದವಾಖಾನೆಯೂ ಬಿಲ್ಲು ಕಳಿಸಲಾರದು. ಸೇಡಂನ ಕಚೇರಿಗಳ ಮುಂದೆ ಕುಳಿತಿದ್ದ ಮುದ್ರೆಯವನು ತಲೆ ಎತ್ತದೆಯೇ ಹೇಳಿದ: “ಬೀಜದ ಅಂಗಡಿ ಮ್ಯಾಲ, ಮಾಳಿಗಿ ಮ್ಯಾಗ. ಹೆಣ್ಮಗಳು ಇದ್ದಾಳ. ಹೋದ ತಿಂಗಳೇ ಮುದ್ರಿ ಒಯ್ದಾಳ.”

ಎರಡು ಕೋಣೆ, ಒಂದು ಮಂಚ, ಬಿಸಿ ಮೇಣದ ಡಬ್ಬಿ, ಕೀಲು ಎಷ್ಟು ಮಡಚುತ್ತದೆಂದು ಅಳೆಯುವ ಒಂದು ಪಟ್ಟಿ. ಕುರಕುಂಟಾ ಊರಿನ ಹುಡುಗಿ, ಫಿಸಿಯೋಥೆರಪಿ ಓದಿ ಬಂದು ಇನ್ನೂ ವರ್ಷವಾಗಿರಲಿಲ್ಲ. ವಿಮೆಯವರು ಒಂದು ಸಲಕ್ಕೆ ಹತ್ತು ಸರದಿ ಚಿಕಿತ್ಸೆ ಮಂಜೂರು ಮಾಡುತ್ತಿದ್ದರು. ಹತ್ತು ಮುಗಿಯುವ ಹೊತ್ತಿಗೆ ಎರಡು ಬೆರಳು ಪೂರ್ತಿ, ಒಂದು ಅರ್ಧ ಮಡಚಿದವು. ಆಕೆ ಅದನ್ನೆಲ್ಲ ಅಳೆದು ಚೀಟಿ ಬರೆದು ಕೊಟ್ಟು, “ಕಾಕಾ, ಇದನ್ನ ವಿಮಾ ಸಾಹೇಬ್ರಿಗೆ ತೋರಿಸ್ರಿ, ಇನ್ನ ಹತ್ತು ಕೊಡ್ತಾರ” ಎಂದಳು.

ಇಪ್ಪತ್ತು ವರ್ಷ ಬಜಾರಿನಲ್ಲಿ ನಿಂತವನಿಗೆ ಚೀಟಿ ಯಾಕೆ? ಕೊಳ್ಳುವವನು ದನವನ್ನು ಮೊದಲು ಹೀಗಳೆಯಬೇಕು, ಆಮೇಲೆ ಮಾತು. ಅದೇ ಲೆಕ್ಕದಲ್ಲಿ ಸಾಹೇಬರ ಮುಂದೆ ನನ್ನ ಕೈಯನ್ನು ನಾನೇ ಹೀಗಳೆದೆ.

“ಭಾಳ ಖರಾಬ್ ಆಗ್ಯಾದ್ರಿ ಸಾಹೇಬ್ರ. ಒಂದ್ ಬೆರಳೂ ಅಲ್ಲಾಡವಲ್ದು.”

“ಹತ್ತು ಸಲ ಹೋದ್ರೂ ಏನೂ ಫಾಯದಾ ಆಗಿಲ್ಲೇನು?”

“ಏನೂ ಇಲ್ರಿ.”

“ಫಾಯದಾ ಇಲ್ಲದ್ದಕ್ಕ ಸರಕಾರ ಯಾಕ ಕೊಡ್ಬೇಕ್ರಿ?” ಎಂದವರು ‘ಚಿಕಿತ್ಸೆಯಿಂದ ಪ್ರಯೋಜನವಿಲ್ಲ, ನಿಲ್ಲಿಸಬಹುದು’ ಎಂದು ಬರೆದರು.

ಮುಂದಿನ ವಾರ ಮಾರುವವನಾಗಿ ಹೋದೆ. ಕೈಯನ್ನು ಹೊಗಳಿದ್ದೇ ಹೊಗಳಿದ್ದು. ಅವರ ಮೇಜಿನಲ್ಲಿ ಕಾಗದದ ಮೇಲಿಟ್ಟಿದ್ದ ಕಲ್ಲನ್ನು ಎತ್ತಿಯೇ ತೋರಿಸಿದೆ. “ಈಗ ಭಾಳ ಪಾಡ ಅದ್ರಿ. ಇನ್ನ ಹತ್ತು ಸಲ ಆದ್ರ ಹೋರಿ ಹಗ್ಗ ಹಿಡೀತದ!”

“ಕಲ್ಲು ಎತ್ಲಿಕತ್ತೀರಿ, ಇನ್ನ ಯಾವ ಚಿಕಿತ್ಸಾ?” ಎಂದು ‘ಗುಣಮುಖ’ ಎಂದು ಬರೆದರು. ಕೆಟ್ಟ ಕೈಗೂ ವಿಮೆಯಿಲ್ಲ, ಒಳ್ಳೆಯ ಕೈಗೂ ಇಲ್ಲ. ಇರುವುದು ಅರೆಗುಣವಾದ ಕೈಗೆ. ಅದನ್ನು ಅಳೆದು ಬರೆದ ಚೀಟಿ ಮಡಿಕೆ ಸಮೇತ ನನ್ನ ಜೇಬಿನಲ್ಲೇ ಇತ್ತು. ಈಗ ತೆಗೆದು ಕೊಟ್ಟರೆ, “ಗುಣ ಆದವ್ರ ಚೀಟಿ ನಾವು ನೋಡಂಗಿಲ್ರಿ” ಎಂದರು.

ಮಾಳಿಗೆ ಹತ್ತಿ ಎಲ್ಲ ಒಪ್ಪಿಕೊಂಡೆ. ಹುಡುಗಿ ಹಣೆ ಹಣೆ ಬಡಿದುಕೊಂಡಳು. “ಚೀಟಿ ಕೊಡ್ರಿ ಅಂದ್ರ ನೀವು ಕೈ ಮಾರಿ ಬಂದೀರಲ್ರಿ ಕಾಕಾ!” ಆಮೇಲೆ ಮೇಣದ ಡಬ್ಬಿ ಮುಚ್ಚುತ್ತಾ ಕೇಳಿದಳು, “ಎಮ್ಮಿ ನೋಡ್ಲಿಕ್ಕ ಬರ್ತದೇನ್ರಿ ನಿಮಗ? ನಮ್ಮಪ್ಪ ಎರಡ ಸಲ ಮೋಸ ಹೋಗ್ಯಾನ. ಒಂದು ಹಾಲಿಲ್ಲ, ಒಂದು ಬರೇ ಒದೀತದ.”

ವ್ಯಾಪಾರ ಕುದುರಿತು. ಅವಳಪ್ಪನಿಗೆ ಎಮ್ಮೆ ಕೊಡಿಸಲು ನಾನು ಇಪ್ಪತ್ತು ಸರದಿ ಕೇಳಿದೆ, ಆಕೆ ಹತ್ತೆಂದಳು, ಹದಿನೈದಕ್ಕೆ ನಿಂತಿತು. ಜೊತೆಗೆ ಮನೆಯಲ್ಲಿ ದಿನಾ ಹಸಿ ಟವೆಲ್ ಹಿಂಡಬೇಕೆಂಬ ಶರತ್ತು. ಹಿಂಡಿದೆ. ಮನೆಯವಳು ಊರ ಬಟ್ಟೆಯನ್ನೆಲ್ಲ ನನ್ನ ಮುಂದೆ ತಂದು ಹಾಕಿದಳು.

ಹನ್ನೊಂದನೆಯ ಸರದಿಗೆ ಕಿರುಬೆರಳೊಂದು ಬಿಟ್ಟು ಎಲ್ಲವೂ ಮಡಚಿದವು. ಅವಳಪ್ಪನನ್ನು ಕರೆದುಕೊಂಡು ಬಜಾರಿಗೆ ಹೋದೆ. ಒಳ್ಳೆಯ ಎಮ್ಮೆಯೇ ಸಿಕ್ಕಿತು. ಮಾರುವವನು ಆರಕ್ಕೆ ಕುಳಿತ, ನಾನು ಮೂರಕ್ಕೆ. ಹೊತ್ತು ಇಳಿಯುತ್ತಾ ಬಂದಾಗ, ಇರಲಿ, ಐದಕ್ಕೆ ಮುಗಿಸೋಣವೆಂದು ಟವೆಲ್ಲಿನಡಿ ಅವನ ಐದೂ ಬೆರಳನ್ನು ಮುಷ್ಟಿಯಲ್ಲಿ ಹಿಡಿದೆ. ನನ್ನ ಕಿರುಬೆರಳು ಸೋತಿತು. ಅವನದೊಂದು ಬೆರಳು ಜಾರಿ ಹೊರಗುಳಿಯಿತು; ಅವನ ಲೆಕ್ಕಕ್ಕೆ ನಾನು ಹಿಡಿದದ್ದು ನಾಲ್ಕೇ.

ಅವನು ಕೈ ಎಳೆದುಕೊಂಡ. ಬೀಡಿ ಹಚ್ಚಿದ. ಎಮ್ಮೆಯ ತಾಯಿಯನ್ನೂ ಅಜ್ಜಿಯನ್ನೂ ಹೊಗಳಿದ. ನಾನು ತುಟಿ ಬಿಚ್ಚಲಿಲ್ಲ. ಸಾಹೇಬರ ಮುಂದೆ ಬಾಯಿ ಬಿಟ್ಟು ಏನಾಗಿತ್ತೆಂದು ನೆನಪಿತ್ತು. ಕೊನೆಗೆ ಕೈಯನ್ನು ಮತ್ತೆ ಟವೆಲ್ಲಿನಡಿ ತಂದು ನನ್ನ ನಾಲ್ಕು ಬೆರಳು ಹಿಡಿದ. “ತಗೋರಿ, ನಿಮ್ಮ ಕೈಗುಣಕ್ಕ ಕೊಟ್ಟೀನಿ.”

ಮರುದಿನ ಹುಡುಗಿ ಪಟ್ಟಿ ಹಿಡಿದು ಕಾದಿದ್ದಳು. “ಇನ್ನ ನಾಕು ಸರದಿ ಉಳದಾವ ಕಾಕಾ. ಆ ಕಿರುಬೆರಳನ್ನೂ ಮಡಚಿಸಿ ಕೊಡ್ತೀನಿ, ಕುಂದರ್ರಿ.”

“ಬ್ಯಾಡವಾ. ಅದು ಹಂಗೇ ಇರ್ಲಿ ಬಿಡು” ಎಂದೆ. ಮನೆಗೆ ಬಂದು ಹಿಂಡುವ ಬಟ್ಟೆಯನ್ನೆಲ್ಲ ಮನೆಯವಳಿಗೆ ವಾಪಸು ಕೊಟ್ಟೆ.