ಆಸಿಡ್‌ಗೆ ಬಿಟ್ಟ ಎಲೆ

"ದೊಡ್ಡಮ್ಮ, ಎಲೇನ ಎಲೆ ಥರಾನೇ ತೋರಿಸಿದ್ರೆ 'ಓ, ಎಲೆ' ಅಂತ ಜನ ಮುಂದೆ ಹೋಗ್ತಾರೆ. ಪೂರ್ತಿ ಅಳಿಸಿದ್ರೆ 'ಏನೋ ಗೀಚಿದಾಳೆ' ಅಂತಾರೆ. ನಂಗೆ ಎರಡರ ನಡುವಿನದು ಬೇಕು. ಅಂಚು ಕರಗ್ಬೇಕು, ನರ ಉಳೀಬೇಕು, ನೋಡ್ದೋರಿಗೆ ಇದೇನಿರಬಹುದು ಅನ್ನಿಸ್ಬೇಕು. ಅದಕ್ಕೇ ಆಸಿಡ್‌ನಲ್ಲಿ ಸ್ವಲ್ಪ ಹೆಚ್ಚು ಹೊತ್ತೇ ಬಿಡ್ತೀನಿ."

ನನ್ನ ತಂಗಿಯ ಮಗಳು ತಾಮ್ರದ ತಗಡಿನಿಂದ ಚಿತ್ರ ಅಚ್ಚು ಹಾಕುವವಳು. ತಗಡಿಗೆ ಸವರಿದ ಮೆತ್ತನೆಯ ಮೇಣಕ್ಕೆ ಎಲೆ ಒತ್ತಿ ತೆಗೆದರೆ, ಮೇಣ ಎದ್ದ ಕಡೆ ಆಸಿಡ್ ತಾಮ್ರವನ್ನು ತಿನ್ನುತ್ತದೆ. ಅಂದು ಒತ್ತಿದ್ದು ತೀರಿಕೊಂಡ ಅವಳಪ್ಪ ನೆಟ್ಟಿದ್ದ ಮರದ ಎಲೆ. ಮರ ಕಡಿದಾಗಿತ್ತು, ಉಳಿದಿದ್ದ ಆ ಒಂದೇ ಎಲೆಯೂ ಒತ್ತುವಾಗ ಹರಿದುಹೋಗಿತ್ತು.

ಅವಳು ಹಕ್ಕಿಯ ಗರಿಯಿಂದ, ಆಸಿಡ್‌ನಲ್ಲಿ ಮುಳುಗಿದ್ದ ತಗಡಿನ ಮೇಲಿನ ಗುಳ್ಳೆಗಳನ್ನು ಸರಿಸುತ್ತ ನಿಂತಿದ್ದಳು. ನನ್ನ ತಂಗಿಗೆ ತಡೆಯಲಾಗಲಿಲ್ಲ.

"ತೆಗಿಯೇ, ಸಾಕು! ಅದೇನು ಬೇಳೆನಾ, ಬೇಯ್ಲಿ ಅಂತ ಬಿಡೋಕೆ?"

"ಸುಮ್ನಿರಮ್ಮ, ಅಂಚು ಇನ್ನೂ ಹೋಗಿಲ್ಲ."

ಗುಳ್ಳೆ ಜೋರಾಯಿತು. ಕೊನೆಗೆ ಅವಳು ತಗಡನ್ನೆತ್ತಿ ತೊಳೆದು, ಮೇಣ ಒರೆಸಿದಳು. ಎಲೆಯ ಆಕಾರ ಉಳಿದಿರಲಿಲ್ಲ. ನರಗಳಷ್ಟೇ ತಗಡಿನ ತುಂಬ ಹರಡಿದ್ದವು. ತಂಗಿ ಬಗ್ಗಿ ಬಹಳ ಹೊತ್ತು ನೋಡಿದಳು.

"ನಿಮ್ಮಪ್ಪನ ಮುಂಗೈ ಇದ್ದ ಹಾಗಿದೆಯಲ್ಲೇ," ಎಂದಳು.

ಮಗಳು ಉಸಿರು ಬಿಟ್ಟು, ಮೇಜಿನ ಮೇಲೆ ಬಿದ್ದಿದ್ದ ಮೇಣವನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸತೊಡಗಿದಳು.