ಹೊಡೆದುಹಾಕಿದ ನಲ್ಲಿ ಲೆಕ್ಕ

ಹತ್ತನೇ ತರಗತಿಯ ಗಣಿತ ನನಗೆ ಎರಡು ಸಲ ಕೈಕೊಟ್ಟಿತ್ತು. ಮದುವೆಗೆ ಮುಂಚೆ ಒಂದು ಸಲ, ನಲವತ್ತು ದಾಟಿದ ಮೇಲೆ ಒಂದು ಸಲ. ಉಳಿದ ವಿಷಯಗಳೆಲ್ಲ ಪಾಸಾಗಿದ್ದವು, ಕನ್ನಡದಲ್ಲಂತೂ ಎಂಬತ್ತರ ಮೇಲೆ. ನಾನು ಆಯಾ ಆಗಿರುವ ಜೆ.ಪಿ. ನಗರದ ಶಾಲೆಯಲ್ಲಿ ಲ್ಯಾಬ್ ಅಟೆಂಡರ್ ನಿವೃತ್ತರಾಗುವವರಿದ್ದರು. "ಎಸ್ಸೆಸ್ಸೆಲ್ಸಿ ಪಾಸ್ ಮಾಡ್ಕೊಂಡು ಬನ್ನಿ, ಆ ಕೆಲಸ ನಿಮಗೇ. ರಿಸಲ್ಟ್ ತನಕ ಕಾಯ್ತೀನಿ" ಎಂದಿದ್ದರು ಹೆಡ್ ಮೇಡಂ. ಕಾಯುತ್ತೇನೆ ಎಂದರಲ್ಲ, ಅದೇ ನನ್ನ ನಿದ್ದೆ ಕೆಡಿಸಿತು.

ಮೂರನೇ ಸಲ ಪರೀಕ್ಷೆಗೆ ಕಟ್ಟಿದಾಗ ಪಾಠ ಹೇಳಿದವಳು ಪಿಯುಸಿ ಓದುವ ನನ್ನ ಮಗಳು. ಕೂಡುವುದು, ಕಳೆಯುವುದು ನನಗೆ ಬಾಯಲ್ಲೇ ಬರುತ್ತದೆ. ಮಾತಿನಲ್ಲಿ ಕೊಟ್ಟ ಲೆಕ್ಕವನ್ನು ಸಮೀಕರಣ ಮಾಡು ಎಂದರೆ ಮಾತ್ರ ಪೆನ್ನು ಅಲ್ಲೇ ನಿಲ್ಲುತ್ತಿತ್ತು.

"ಗೊತ್ತಿಲ್ದೇ ಇರೋದನ್ನ ಎಕ್ಸ್ ಅಂತ ಇಟ್ಕೊಂಡು ಮುಂದಕ್ಕೆ ಹೋಗಮ್ಮ."

"ಗೊತ್ತಿಲ್ದೇ ಹೆಂಗೆ ಹೋಗ್ಲಿ?"

ಅವಳು ಪೆನ್ನು ಕುಕ್ಕಿ, "ಎಷ್ಟು ಸಲ ಹೇಳ್ಬೇಕು ನಿಂಗೆ?" ಎನ್ನುತ್ತಿದ್ದಳು. ಅವಳಿಗೆ ಮಗ್ಗಿ ಕಲಿಸುವಾಗ ನಾನೂ ಹೀಗೇ ರೇಗಿದ್ದೆ. ಅದಕ್ಕೇ ಮತ್ತೆ ಮೊದಲಿನಿಂದ ಬರೆಯುತ್ತಿದ್ದೆ.

ಬನಶಂಕರಿಯ ಪರೀಕ್ಷಾ ಕೇಂದ್ರದಲ್ಲಿ ನಾನು ಒಳಗೆ ಕಾಲಿಟ್ಟ ಕೂಡಲೇ ಮಕ್ಕಳೆಲ್ಲ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಎಂದವು. ತಲೆ ತಗ್ಗಿಸಿಕೊಂಡು ನನ್ನ ನಂಬರಿನ ಬೆಂಚು ಹುಡುಕಿದೆ.

ಕೊನೆಯ ಪುಟದಲ್ಲಿ ನಲ್ಲಿ ಲೆಕ್ಕವಿತ್ತು. ಎರಡು ನಲ್ಲಿಗಳು ಸೇರಿ ಒಂದು ತೊಟ್ಟಿಯನ್ನು ಆರು ಗಂಟೆಯಲ್ಲಿ ತುಂಬಿಸುತ್ತವೆ. ದೊಡ್ಡದಕ್ಕೆ ಚಿಕ್ಕದಕ್ಕಿಂತ ಐದು ಗಂಟೆ ಕಡಿಮೆ ಸಾಕು. ಒಂದೊಂದಕ್ಕೇ ಎಷ್ಟು ಹೊತ್ತು ಬೇಕು? ಚಿಕ್ಕದಕ್ಕೆ ಎಕ್ಸ್ ಇಟ್ಟೆ, ದೊಡ್ಡದಕ್ಕೆ ಎಕ್ಸ್ ಮೈನಸ್ ಐದು. ಬಿಡಿಸಿದರೆ ಹದಿನೈದು ಮತ್ತು ಹತ್ತು ಬಂತು. ನನಗೇ ನಂಬಿಕೆಯಾಗಲಿಲ್ಲ.

ನಂಬಿಕೆಯಾಗದೆ ಮತ್ತೆ ನೋಡಿದೆ. ದೊಡ್ಡದೊಂದಕ್ಕೇ ಹತ್ತು ಗಂಟೆ ಬೇಕಾದರೆ, ಎರಡೂ ಬಿಟ್ಟಾಗ ಆರೇ ಗಂಟೆ ಹೇಗೆ ಸಾಕು? ಕೋಣನಕುಂಟೆಯ ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ. ನೆಲದಡಿಯ ಸಂಪು ತೊಟ್ಟಿಗೆ ನೀರು ಬೀಳುತ್ತಿರುವಾಗ ಒಗೆಯುವ ಕಲ್ಲಿನ ಹತ್ತಿರದ ನಲ್ಲಿಯನ್ನೂ ತಿರುಗಿಸಿದರೆ ಎರಡೂ ಸಣ್ಣಗಾಗುತ್ತವೆ, ಬೇಗ ತುಂಬುವುದಂತೂ ಇಲ್ಲ. ಇಪ್ಪತ್ತು ವರ್ಷ ನೀರು ಹಿಡಿದ ನನಗೆ ಇದು ಗೊತ್ತಿಲ್ಲವೇ? ಹಾಗಾದರೆ ಎಲ್ಲೋ ತಪ್ಪಿದ್ದೇನೆ ಎಂದುಕೊಂಡೆ. ಸ್ಕೇಲ್ ಇಟ್ಟು ಇಡೀ ಲೆಕ್ಕಕ್ಕೆ ಅಡ್ಡಗೆರೆ ಎಳೆದೆ. ಹೊಸದಾಗಿ ಶುರು ಮಾಡುವಷ್ಟರಲ್ಲಿ ಬೆಲ್ ಹೊಡೆಯಿತು.

ಗೇಟಿನಲ್ಲಿ ಮಗಳು ಪ್ರಶ್ನೆಪತ್ರಿಕೆ ಕಿತ್ತುಕೊಂಡಳು. "ನಲ್ಲಿ ಲೆಕ್ಕ ಹದಿನೈದು, ಹತ್ತು ತಾನೇ?"

"ಹೂಂ, ಅದೇ ಬರೆದೆ."

ಅವಳು ಅಲ್ಲೇ ಅಂಕ ಕೂಡಿ, "ಪಾಸ್ ಕಣಮ್ಮ" ಎಂದು ನನ್ನ ತೋಳು ಹಿಡಿದು ಕುಣಿದಳು. ಹೊಡೆದುಹಾಕಿದ್ದನ್ನು ನಾನು ಹೇಳಲಿಲ್ಲ.

ಫಲಿತಾಂಶದಲ್ಲಿ ಪಾಸಾಗಲು ಎರಡು ಅಂಕ ಕಡಿಮೆ ಬಿತ್ತು. "ಯಾರೋ ಒಂದು ಲೆಕ್ಕ ನೋಡ್ದೇ ಬಿಟ್ಟಿದ್ದಾರೆ" ಎಂದು ಅವಳು ಉತ್ತರಪತ್ರಿಕೆಯ ಪ್ರತಿಗೆ ಅರ್ಜಿ ಹಾಕಿದಳು. ಹೆಡ್ ಮೇಡಂಗೂ ಫೋನ್ ಮಾಡಿ, ಇನ್ನು ಸ್ವಲ್ಪ ದಿನ ಕಾಯಿರಿ ಎಂದು ಬೇಡಿಕೊಂಡಳು. ದಿನಾ ಬೆಳಿಗ್ಗೆ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಅವಳು ಎದುರಿಗೆ ಬಂದರೆ ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಪ್ರತಿ ಅವಳ ಮೊಬೈಲಿಗೆ ಬಂತು. ಪುಟ ತಳ್ಳುತ್ತಾ ಹೋದವಳು ಒಂದು ಕಡೆ ನಿಂತಳು. ಬೆರಳಿಟ್ಟು ಒಂದೊಂದೇ ಸಾಲು ಓದಿದಳು.

"ಎಲ್ಲಾ ಸ್ಟೆಪ್ಪೂ ಸರಿ ಇದೆಯಲ್ಲಮ್ಮ. ಯಾಕೆ ಹೊಡೆದಾಕ್ದೆ?"

ಸಂಪಿನ ಕತೆ ಹೇಳಿದೆ. ಅವಳು ನಗಲಿಲ್ಲ.

"ಅವತ್ತು ಗೇಟಲ್ಲೇ ಯಾಕೆ ಹೇಳ್ಲಿಲ್ಲ?"

"ನೀನು ಬೈತೀಯ ಅಂತ."

ಮೊಬೈಲನ್ನು ಮಗುಚಿಟ್ಟಳು. ಅವಳ ಕಣ್ಣು ತುಂಬಿತ್ತು. "ನಾನು ಅಷ್ಟೊಂದು ಬೈತೀನಾ?"

ಇಲ್ಲ ಎಂದುಬಿಡುವುದು ಸುಲಭವಿತ್ತು. ನಾನು ಹೂಂ ಎಂದೆ.