ಸೇವಂತಿಗಾಗಿ ತಗ್ಗಿದ ಕಾರು

ದೂಜ ಪೂಜಾರಿಯವರು ಫೋರ್ಟ್ ಬಡಾವಣೆಯ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವರು. ಕಾಪು ಕಡೆಯಿಂದ ಬಂದು, ಮೊದಲು ಗ್ಲಾಸು ತೊಳೆದು, ಆಮೇಲೆ ದೋಸೆ ಹೊಯ್ದು, ನಡುವಯಸ್ಸು ದಾಟಿದ ಮೇಲೆ ಗಲ್ಲಾಕ್ಕೆ ಬಂದವರು. ಹೆಂಡತಿ ಸೇವಂತಿ ವಡಾಲದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದರು. ಸುತ್ತಲಿನ ಮನೆಗಳಲ್ಲಿ ಮದುವೆ ಗೊತ್ತಾದರೆ ಮೊದಲು ಸೇವಂತಿಗೆ ತಾರೀಕು ಹೇಳಿ, ಆಮೇಲೆ ಹಾಲ್ ಬುಕ್ ಮಾಡುತ್ತಿದ್ದರು.

ಲೈನಿಂಗ್ ಬಟ್ಟೆ ತರಲು ಸೇವಂತಿ ಮಾಟುಂಗದ ಮ್ಯಾಚಿಂಗ್ ಸೆಂಟರಿಗೆ ತಾವೇ ಹೋಗಬೇಕು. ಬೇರೆಯವರು ತಂದ ಬಣ್ಣ ಅವರಿಗೆ ಹಿಡಿಸದು. ಅಂಗಡಿಯ ಟ್ಯೂಬ್‌ಲೈಟನ್ನು ನಂಬದೆ, ಬಟ್ಟೆಯ ತಾನನ್ನು ಎಳೆದುಕೊಂಡು ಫುಟ್‌ಪಾತಿಗೆ ಬಂದು ಬಿಸಿಲಿನಲ್ಲಿ ನೋಡುತ್ತಿದ್ದರು. ಅಂಗಡಿಯ ಗುಜರಾತಿ ಮೊದಮೊದಲು ಗೊಣಗಿ, ಆಮೇಲೆ ಸುಮ್ಮನಾಗಿದ್ದ.

ಐವತ್ತು ದಾಟುತ್ತಿದ್ದಂತೆ ಸೇವಂತಿಯ ಬೆನ್ನುಹುರಿಯಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆಯಿತು. ಸೋತ ಕಾಲಿಗೆ ಬಲ ಮರಳಲಿಲ್ಲ. ಉಳಿದ ಗಡ್ಡೆಯನ್ನು ಮುಟ್ಟುವಂತಿಲ್ಲ ಎಂದು ಡಾಕ್ಟರು ಹೇಳಿದರು. ಮನೆಗೆ ವ್ಹೀಲ್‌ಚೇರ್ ಬಂತು.

ದೂಜರ ಬಳಿ ಒಂದು ಹಳೆಯ ಕಾರಿತ್ತು. ಊರಿಗೆ ಹೋಗುವಾಗ ಸಾಮಾನು ಹಿಡಿಸಲಿ ಎಂದು ಎತ್ತರದ ಗಾಡಿಯನ್ನೇ ಕೊಂಡಿದ್ದರು. ಈಗ ಆ ಎತ್ತರವೇ ತೊಡಕಾಯಿತು. ಕಾರಿನ ಸೀಟು ವ್ಹೀಲ್‌ಚೇರಿಗಿಂತ ಆರು ಬೆರಳು ಮೇಲಿತ್ತು. ಆಸ್ಪತ್ರೆಗೆ ಹೊರಟಾಗಲೆಲ್ಲ ವಾಚ್‌ಮನ್ ಮತ್ತು ಪಕ್ಕದ ಮನೆಯವರು ಕೈಹಚ್ಚಿ ಸೇವಂತಿಯನ್ನು ಎತ್ತಿ ಕೂರಿಸುತ್ತಿದ್ದರು. ಒಮ್ಮೆ ಹಾಗೆ ಎತ್ತುವಾಗ ಸೀರೆ ಜಾರಿತು. ಬಿಲ್ಡಿಂಗಿನ ಅಂಗಳದಲ್ಲಿ ಜನ ಇದ್ದರು. ಅಂದು ಮನೆಗೆ ಬಂದು ಸೇವಂತಿ ಹೇಳಿದ್ದು ಇಷ್ಟೆ: “ನನ್ನನ್ನು ಅಕ್ಕಿಮುಡಿಯ ಹಾಗೆ ಹೊರಬೇಡಿ. ಆಸ್ಪತ್ರೆ ಬಿಟ್ಟು ಇನ್ನೆಲ್ಲಿಗೂ ನಾನು ಬರುವುದಿಲ್ಲ.”

ಬರಲೂ ಇಲ್ಲ. ಮಗಳು ಯಕ್ಷಿತಾ ಮೊಬೈಲಿನಲ್ಲಿ ಬಟ್ಟೆಯ ಬಣ್ಣ ತೋರಿಸಿದರೆ ಮುಖ ತಿರುಗಿಸುತ್ತಿದ್ದರು. ಕೈ ಗಟ್ಟಿಯಾಗಿಯೇ ಇತ್ತು. ಮಂಚದಿಂದ ಕುರ್ಚಿಗೆ ತಾವೇ ಕೈಯೂರಿ ಜಾರಿಕೊಳ್ಳುತ್ತಿದ್ದರು. ಅದನ್ನು ನೋಡುತ್ತಿದ್ದ ದೂಜರಿಗೆ ಕಾರೂ ಮಂಚದಷ್ಟೇ ತಗ್ಗಿದರೆ ಸಾಕಲ್ಲ ಅನ್ನಿಸಿತು.

ಧಾರಾವಿಯ ಅಂಚಿನಲ್ಲಿ ಶರಣನ ಗ್ಯಾರೇಜಿದೆ. ಅಫಜಲಪುರದ ಕಡೆಯವನು, ಗಾಡಿಗಳ ಸಸ್ಪೆನ್ಷನ್ ಕೆಲಸವೇ ಅವನದು. ಶೋಕಿಗಾಗಿ ಕಾರು ತಗ್ಗಿಸುವ ಹುಡುಗರೇ ಅವನ ಗಿರಾಕಿಗಳು. ದೂಜರು ವಿಷಯ ಹೇಳಿದರು. ಶರಣ ಕಾರಿನ ಅಡಿಗೆ ಹೋಗಿ ನೋಡಿ ಬಂದ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದರೆ ಕಾರು ಮತ್ತೆ ಏಳುವುದಿಲ್ಲ, ಮೊದಲ ಸ್ಪೀಡ್‌ಬ್ರೇಕರಿಗೇ ಹೊಟ್ಟೆ ತಾಗುತ್ತದೆ ಎಂದ. ಬೇಕಾದಾಗ ಇಳಿದು ಬೇಕಾದಾಗ ಏಳಬೇಕಾದರೆ ಹೈಡ್ರಾಲಿಕ್ ಹಾಕಬೇಕು, ಇಲ್ಲವೇ ಏರ್. ಹಿಂದಿನ ಚಕ್ರಗಳಿಗೆ ತೊಂದರೆಯಿಲ್ಲ. ಮುಂದಿನವುಗಳಿಗೆ ಸ್ಟ್ರಟ್ ಇದೆ; ಸ್ಪ್ರಿಂಗು, ಶಾಕ್‌ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿ ಕೂತು, ಆ ಕಂಬವೇ ಚಕ್ರವನ್ನು ಹಿಡಿದಿರುತ್ತದೆ. ಅದಕ್ಕೆ ಕೈಹಚ್ಚುವುದಾದರೆ ಅವಸರ ನಡೆಯುವುದಿಲ್ಲ.

ಇದೇ ಮಾಡೆಲಿನ ಕಾರಿನಿಂದ ಬಿಚ್ಚಿದ ಹೈಡ್ರಾಲಿಕ್ ಸೆಟ್ಟು ಶರಣನ ಬಳಿಯೇ ಇತ್ತು. ವಾರದೊಳಗೆ ಕೂರಿಸಿಕೊಡಬಹುದಿತ್ತು. ಎಣ್ಣೆಯ ಒತ್ತಡದ ಮೇಲೆ ನಡೆಯುವ ಸೆಟ್ಟು, ಗಟ್ಟಿಮುಟ್ಟು, ಆದರೆ ಓಡುವಾಗ ಕುಲುಕು ಜಾಸ್ತಿ. ಏರ್ ಆದರೆ ರಬ್ಬರ್ ಚೀಲದಲ್ಲಿ ಗಾಳಿ, ಮೆತ್ತಗೆ ತೇಲಿಸುತ್ತದೆ. ಈ ಕಾರಿಗೆ ಅದು ಸಿದ್ಧವಾಗಿ ಸಿಗುವುದಿಲ್ಲ. ಚೀಲ ದಿಲ್ಲಿಯಿಂದ ತರಿಸಬೇಕು, ಸ್ಟ್ರಟ್ಟನ್ನು ಅದಕ್ಕೆ ತಕ್ಕಂತೆ ಮಾಡಿಸಬೇಕು.

ದೂಜರು ಹೈಡ್ರಾಲಿಕ್ ಹಾಕಿದ ಕಾರೊಂದನ್ನು ಹತ್ತಿ ನೋಡುತ್ತೇನೆ ಎಂದರು. ರಿಪೇರಿಗೆ ಬಂದಿದ್ದ ಒಂದರಲ್ಲಿ ಶರಣ ಅವರನ್ನು ಕೂರಿಸಿಕೊಂಡು ಸಾಯನ್ ರಸ್ತೆಯಲ್ಲಿ ಒಂದು ಸುತ್ತು ಹಾಕಿದ. ಒಂದು ಗುಂಡಿಗೆ ಚಕ್ರ ಇಳಿದಾಗ ದೂಜರ ನಡುವಿನಿಂದ ಕತ್ತಿನವರೆಗೆ ಪೆಟ್ಟು ಏರಿತು. ಸೇವಂತಿ ಮಗ್ಗುಲು ಬದಲಿಸುವಾಗಲೂ ನೋವಿಗೆ ಹಲ್ಲು ಕಚ್ಚುವವರು. ದೂಜರು ಕಾರಿನಿಂದ ಇಳಿದು, “ಇದು ಬೇಡ ಮಾರಾಯ, ಗಾಳಿಯದ್ದೇ ಹಾಕು” ಎಂದರು.

ಮನೆಯಲ್ಲಿ ಹೇಳಿದಾಗ ಸೇವಂತಿ ಕೇಳಿದ್ದು ಒಂದೇ ಪ್ರಶ್ನೆ: ಬೇಗ ಆಗುವುದು ಯಾವುದು? ದೂಜರು ಉತ್ತರಿಸದೆ, ಮೆತ್ತಗಿನದು ಯಾವುದೆಂದು ಹೇಳಿದರು. ಸೇವಂತಿ ಮತ್ತೆ ಕೇಳಲಿಲ್ಲ.

ಚೀಲ ಬರಲು ತಡವಾಯಿತು. ಬಂದದ್ದರಲ್ಲಿ ಒಂದು ಅಳತೆ ತಪ್ಪಿ ಹಿಂದಕ್ಕೆ ಹೋಯಿತು. ಬೆಸುಗೆ ಹಾಕಿದ ಮೊದಲ ಸ್ಟ್ರಟ್ ಕೂದಲೆಳೆಯಷ್ಟು ವಾಲಿದೆ ಎಂದು ಶರಣ ತಾನೇ ಬಿಚ್ಚಿ ಮತ್ತೆ ಮಾಡಿಸಿದ. ದೂಜರು ಡ್ಯೂಟಿ ಮುಗಿಸಿ ಲೋಕಲ್ ಹಿಡಿದು ದಿನ ಬಿಟ್ಟು ದಿನ ಗ್ಯಾರೇಜಿಗೆ ಹೋಗುತ್ತಿದ್ದರು. ಅಷ್ಟರಲ್ಲಿ ಒಂದು ಬೆಳಗ್ಗೆ ಸೇವಂತಿಯ ಕೈಯಿಂದ ಕತ್ತರಿ ಜಾರಿ ಬಿತ್ತು. ಎತ್ತಿಕೊಟ್ಟರೆ ಮತ್ತೆ ಬಿತ್ತು. ಗಡ್ಡೆ ಮೇಲಕ್ಕೆ ಬೆಳೆದಿತ್ತು.

ಕಾರು ಬಂದದ್ದು ಎರಡು ತಿಂಗಳಾದ ಮೇಲೆ. ಅಂಗಳದಲ್ಲಿ ನಿಲ್ಲಿಸಿ ದೂಜರು ಗುಂಡಿ ಒತ್ತಿದರು. ಕಾರು ಉಸಿರು ಬಿಟ್ಟಂತೆ ಮೆಲ್ಲಗೆ ಕುಗ್ಗಿ ಸೀಟು ವ್ಹೀಲ್‌ಚೇರಿಗೆ ಸಮನಾಯಿತು. ಸೇವಂತಿ ಸೀಟಿನ ಮೇಲೆ ಕೈಯೂರಿದರು. ತೋಳು ನಡುಗಿತು, ಮೈ ಕದಲಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿ ಕೈ ಬಿಟ್ಟರು. ಎತ್ತಲೆಂದು ಗೇಟಿನಿಂದ ಹೊರಟ ವಾಚ್‌ಮನ್‌ನನ್ನು ದೂಜರು ಬೇಡವೆಂದು ಕೈ ಮಾಡಿ ತಡೆದರು. ತಾವೊಬ್ಬರೇ ಬಗ್ಗಿ, ಸೇವಂತಿಯ ತೋಳನ್ನು ತಮ್ಮ ಕೊರಳಿಗೆ ಹಾಕಿಕೊಂಡು ಸೀಟಿಗೆ ಸರಿಸಿದರು. ಎತ್ತಬೇಕಾಗಲಿಲ್ಲ. ಸೇವಂತಿ ಸೆರಗು ಸರಿಮಾಡಿಕೊಡಲು ಹೇಳಿ, ಮಾಟುಂಗಕ್ಕೆ ಹೋಗೋಣ ಎಂದರು.

ಮ್ಯಾಚಿಂಗ್ ಸೆಂಟರಿನ ಗುಜರಾತಿ ಕಾರು ಕಂಡು ತಾನುಗಳನ್ನು ತಾನೇ ಹೊತ್ತು ಬಿಸಿಲಿಗೆ ತಂದ. ಯಕ್ಷಿತಾಳ ಮದುವೆ ಇನ್ನೂ ಗೊತ್ತಾಗಿರಲಿಲ್ಲ. ಆದರೂ ಸೇವಂತಿ ಕಡು ನೇರಳೆಯ ಲೈನಿಂಗ್ ಆರಿಸಿದರು. ಅದನ್ನು ಹೊಲಿಯುವವರು ಯಾರೆಂದು ಯಾರೂ ಕೇಳಲಿಲ್ಲ. ಮರಳುವಾಗ ದೂಜರು ಕುಲುಕಾಟಕ್ಕೆ ನೋವಾಯಿತೇ ಎಂದು ವಿಚಾರಿಸಿದರು. “ಇಲ್ಲ, ನಿದ್ದೆ ಬರುವ ಹಾಗುಂಟು” ಎಂದರು ಸೇವಂತಿ.

ಹೀಗೆ ಇನ್ನು ಕೆಲವು ಸಲ ಹೋದರು. ಮಳೆಗಾಲ ಹಿಡಿದಾಗ ಸೇವಂತಿಗೆ ಉಸಿರಾಟ ಕಷ್ಟವಾಯಿತು. ಆಂಬುಲೆನ್ಸಿನಲ್ಲಿ ಹೋದವರು ಮನೆಗೆ ಬರಲಿಲ್ಲ.

ಉತ್ತರಕ್ರಿಯೆಯ ಬೊಜ್ಜ ಮುಗಿದು ಕೆಲವು ವಾರಗಳಾದ ಮೇಲೆ ದೂಜರು ಗ್ಯಾರೇಜಿಗೆ ಬಂದರು. ಕಾರಿಗೆ ಏನೂ ಆಗಿರಲಿಲ್ಲ. ಶರಣ ಚಹಾ ತರಿಸಿದ. ಮನೆಗೆ ಬಂದವರೆಲ್ಲ ನೀವು ಮಾಡಿದ್ದೇ ಸರಿ ಎನ್ನುತ್ತಾರೆ, ನೀನು ಹಾಗೆ ಹೇಳಬೇಡ ಎಂದು ದೂಜರು ಮೊದಲೇ ತಡೆದರು.

“ಹೈಡ್ರಾಲಿಕ್ ಹಾಕಿದ್ದರೆ ಅವಳು ತಾನೇ ಹತ್ತುತ್ತಿದ್ದಳು ಅಲ್ವಾ? ಸ್ವಲ್ಪ ದಿನವಾದರೂ?”

ಶರಣ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. “ಹತ್ತತಿದ್ರು ಕಾಕಾ. ಸುಳ್ಳ ಯಾಕ ಹೇಳ್ಲಿ. ಆದರ ಗುಂಡಿ ಗುಂಡಿಗೂ ಬ್ಯಾನಿ ತಿನ್ಕೋತ ಹೋಗಬೇಕಾಗತಿತ್ತು.”

ದೂಜರು ತಲೆಯಾಡಿಸಿದರು. ಸೇವಂತಿ ಹೋದಮೇಲೆ ಅವರು ಯಾರೆದುರೂ ಅತ್ತಿರಲಿಲ್ಲ. ಗ್ಯಾರೇಜಿನ ಬೆಂಚಿನ ಮೇಲೆ ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು. ಶರಣ ಪಕ್ಕದಲ್ಲೇ ಕೂತಿದ್ದ. ಆಮೇಲೆ ದೂಜರು ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಊಟದ ಹೊತ್ತಿನ ಗಿರಾಕಿಗಳು ಬರುವ ಮೊದಲು ಫೋರ್ಟ್ ಮುಟ್ಟಬೇಕೆಂದು ಹೊರಟರು.